ಏಳನೆಯ ಉದಾಹರಣೆ

ಜಯನಗರ ನಾಲ್ಕನೇ ಟಿ ಬ್ಲಾಕ್
೧೦ ಜನವರಿ ೨೦೨೪

ಪ್ರೀತಿಯ ಶಾಂತಲಾ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ನೀನು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿರುತ್ತೀಯ. ಹೆದರಬೇಡ, ತಪ್ಪು ತಿದ್ದಿ ಕಳಿಸಿದ ನೋಟ್‌ಬುಕ್ ಅಲ್ಲ ಇದು. ಈ ಕಾಲದಲ್ಲಿ ಕಾಗದವೇಕೆ ಎಂದುಕೊಳ್ಳುತ್ತೀಯೇನೋ. ಫೋನ್ ಮಾಡಿದರೆ ನೀನು "ಸರಿ ಮೇಡಂ", "ಹೌದು ಮೇಡಂ", "ಇಡ್ತೀನಿ ಮೇಡಂ" ಎಂಬ ಮೂರು ವಾಕ್ಯ ಬಿಟ್ಟು ನಾಲ್ಕನೆಯದನ್ನು ಆಡುವುದಿಲ್ಲ. ಪ್ರತಿ ಶಿಕ್ಷಕರ ದಿನಾಚರಣೆಗೂ ಆ ಮೂರನ್ನೇ ಕೇಳಿ ನನಗೆ ಸಾಕಾಗಿದೆ. ಕಾಗದವಾದರೆ ಮೂರು ವಾಕ್ಯಕ್ಕೆ ಪುಟ ತುಂಬುವುದಿಲ್ಲ. ಅಲ್ಲದೆ ನನ್ನ ಎಡಗಣ್ಣಿನ ಪೊರೆ ತೆಗೆದಿದ್ದಾರೆ, ಬಲಗಣ್ಣಿನದು ಏಪ್ರಿಲ್‌ನಲ್ಲಿ. ಮೊಬೈಲಿನ ಬೆಳಕು ನೋಡಬೇಡಿ ಎಂದು ಡಾಕ್ಟರ ಅಪ್ಪಣೆ.

ವಿಷಯ ಇಷ್ಟು. ನನ್ನ 'ಅಂಗೈಯಲ್ಲಿ ಅಲಂಕಾರ'ವನ್ನು ಅಚ್ಚು ಹಾಕಿದ ಬನಶಂಕರಿಯ ಶಶಿಧರ್ ಹೊಸ ಮುದ್ರಣ ತರುತ್ತಾರಂತೆ. ಕಾಲೇಜು ತೆರೆಯುವ ಹೊತ್ತಿಗೆ ಪುಸ್ತಕ ಬರಬೇಕಾದರೆ ಏಪ್ರಿಲ್ ಕೊನೆಗೆ ಪ್ರತಿ ಕೊಡಬೇಕು. ಆರನೇ ಅಧ್ಯಾಯ, ಲಕ್ಷಣೆಯದು, ಪೂರ್ತಿ ಹೊಸದಾಗಿ ಬೇಕಂತೆ. ಮಕ್ಕಳಿಗೆ ಉಪಮೆ ತಿಳಿಯುತ್ತದೆ, ರೂಪಕವೂ ತಿಳಿಯುತ್ತದೆ. ಲಕ್ಷಣೆ ಎಂದ ತಕ್ಷಣ ಕಣ್ಣು ಕಣ್ಣು ಬಿಡುತ್ತಾರೆ. ಅದನ್ನು ರೂಪಕದ ಜೊತೆ, ಸಂಕೇತದ ಜೊತೆ, ನುಡಿಗಟ್ಟಿನ ಜೊತೆ ಕಲಸಿ ಉತ್ತರಪತ್ರಿಕೆಯಲ್ಲಿ ಚಿತ್ರಾನ್ನ ಬಡಿಸುತ್ತಾರೆ. ನೀನು ಹದಿನಾಲ್ಕು ವರ್ಷದಿಂದ ಇದೇ ಪುಸ್ತಕ ಹಿಡಿದು ಪಿಯು ಮಕ್ಕಳಿಗೆ ಪಾಠ ಮಾಡುತ್ತಿದ್ದೀಯ. ಇನ್ನು ಯಾರಿಗೆ ಹೇಳಲಿ? ಈ ಅಧ್ಯಾಯವನ್ನು ನೀನು ಬರೆಯಬೇಕು. ಮುಖಪುಟದಲ್ಲಿ ನಿನ್ನ ಹೆಸರು ನನ್ನ ಹೆಸರಿನ ಕೆಳಗಲ್ಲ, ಪಕ್ಕದಲ್ಲಿರುತ್ತದೆ.

ಇನ್ನೊಂದು ಮಾತು. ಆ ಪುಸ್ತಕದ ಮೊದಲ ಪ್ರತಿಯನ್ನು ನಿನ್ನ ಕೈಗೇ ಕೊಟ್ಟಿದ್ದೆ. ನಮ್ಮ ವೆರಾಂಡದಲ್ಲಿ ಕೂತು ಹಾಳೆ ತಿರುವಿದೆ, ನಮಸ್ಕಾರ ಮಾಡಿದೆ, ಹೊರಟೆ. ಆಮೇಲೆ ಈ ಮನೆಗೆ ಬಂದಿಲ್ಲ. ಹೈಸ್ಕೂಲಿನ ಮೂರು ವರ್ಷ ನಿನ್ನ ಸಂಜೆಗಳೆಲ್ಲ ಇದೇ ವೆರಾಂಡದಲ್ಲಿ ಕಳೆದಿದ್ದವು. ಬೀದಿ ಕೊನೆಯ ಸಂಪಿಗೆ ಮರದ ಕೆಳಗೆ ನಿನ್ನ ತಂದೆಯ ಇಸ್ತ್ರಿ ಗಾಡಿ. ಅವರು ಗಾಡಿ ಮುಚ್ಚುವವರೆಗೆ ನೀನು ಇಲ್ಲಿ ಓದಿಕೊಂಡಿರುತ್ತಿದ್ದೆ. ಅವರು ಹೇಗಿದ್ದಾರೆ? ನಮ್ಮ ಗೇಟಿನ ಪಕ್ಕದ ನುಗ್ಗೇಮರ ಗಾಳಿಮಳೆಗೆ ಉರುಳಿತು, ನಿನಗೆ ಗೊತ್ತೋ ಇಲ್ಲವೋ. ಅದಕ್ಕೂ ಹನ್ನೆರಡು ವರ್ಷವಾಯಿತು.

ಬರೆ. ಮೂರು ವಾಕ್ಯಕ್ಕಿಂತ ಹೆಚ್ಚು ಬರೆ.

ನಿನ್ನ ಮೇಡಂ,
ವಿಮಲಾ


ಬೇಗೂರು
೨೪ ಜನವರಿ ೨೦೨೪

ವಿಮಲಾ ಮೇಡಂ ಅವರಿಗೆ ನಮಸ್ಕಾರಗಳು.

ಜಯನಗರದಿಂದ ಬೇಗೂರಿಗೆ ಬರಲು ನಿಮ್ಮ ಕಾಗದ ಆರು ದಿನ ತೆಗೆದುಕೊಂಡಿತು. ನಡೆದು ಬಂದಿದ್ದರೂ ಮಧ್ಯಾಹ್ನದ ಊಟಕ್ಕೆ ತಲುಪುತ್ತಿತ್ತು.

ಅಧ್ಯಾಯ ಬರೆದುಕೊಡುತ್ತೇನೆ. ಮುಖಪುಟದ ವಿಷಯ ಆಮೇಲೆ ನೋಡೋಣ.

ಮಕ್ಕಳು ಎಲ್ಲಿ ಎಡವುತ್ತಾರೆ ಎಂದು ನನಗೆ ಗೊತ್ತಿದೆ. ನೀವು ಲಕ್ಷಣೆಯ ವ್ಯಾಖ್ಯೆಯಿಂದ ಶುರು ಮಾಡಿದ್ದೀರಿ. ನಾನು ಕ್ಲಾಸಿನಲ್ಲಿ ನಮ್ಮ ಪ್ರಿನ್ಸಿಪಾಲರಿಂದ ಶುರು ಮಾಡುತ್ತೇನೆ. "ಪ್ರಿನ್ಸಿಪಾಲರು ಹುಲಿ" ಎಂದರೆ ರೂಪಕ. ಹುಲಿಗೂ ಅವರಿಗೂ ನಂಟಿಲ್ಲ, ಗರ್ಜನೆ ಒಂದು ಹೋಲುತ್ತದೆ. "ಪ್ರಿನ್ಸಿಪಾಲ್ ರೂಮಿಗೆ ವಿಷಯ ಗೊತ್ತಾಗಿದೆ" ಎಂದರೆ ರೂಮಿಗೂ ಅವರಿಗೂ ಹೋಲಿಕೆ ಏನೂ ಇಲ್ಲ. ಅವರು ಅದರೊಳಗೆ ಕೂರುತ್ತಾರೆ, ಅಷ್ಟರಿಂದಲೇ ರೂಮಿನ ಹೆಸರು ಅವರಿಗೆ ಅಂಟಿತು. ಇದು ಲಕ್ಷಣೆ. ಹೋಲಿಕೆಯಿಂದ ಬಂದ ಹೆಸರು ರೂಪಕ, ನಂಟಿನಿಂದ ಬಂದ ಹೆಸರು ಲಕ್ಷಣೆ. ಅನುಮಾನ ಬಂದರೆ ನಡುವೆ "ಹಾಗೆ" ಸೇರಿಸಿ ನೋಡಿ ಎಂದು ಹೇಳಿಕೊಟ್ಟಿದ್ದೇನೆ. ಪ್ರಿನ್ಸಿಪಾಲರು ಹುಲಿಯ ಹಾಗೆ ಎಂದರೆ ಸರಿಹೋಗುತ್ತದೆ. ರೂಮಿನ ಹಾಗೆ ಎಂದರೆ ಇಡೀ ಕ್ಲಾಸು ನಗುತ್ತದೆ. ಕ್ಲಾಸು ನಗುತ್ತದೆ ಎನ್ನುವುದೂ ಲಕ್ಷಣೆಯೇ ಎಂದು ಆಗ ತೋರಿಸಬಹುದು. ಬೆಂಚು, ಗೋಡೆಗಳು ನಗುವುದಿಲ್ಲ.

ಹಳೆಯ ಅಧ್ಯಾಯದ ನಿಮ್ಮ ಒಂಬತ್ತು ಉದಾಹರಣೆಗಳನ್ನು ನೋಡಿದೆ. ಮೊದಲನೆಯದರಲ್ಲಿ ಕಿರೀಟದ ಬದಲು ಕುರ್ಚಿ ಎನ್ನೋಣ, ಈಗ ಜನ ಕಚ್ಚಾಡುವುದು ಕುರ್ಚಿಗೆ. ಎರಡು, ಮೂರು ಇರಲಿ. "ವಿಧಾನಸೌಧ ಒಪ್ಪಲಿಲ್ಲ" ಎಂಬ ನಾಲ್ಕನೆಯದು ಮಕ್ಕಳಿಗೆ ಬಹಳ ಇಷ್ಟ. ಐದನೆಯದಾದ ಬಿಳಿ ಪಾರಿವಾಳ ಲಕ್ಷಣೆಯಲ್ಲ, ಸಂಕೇತ. ಪಾರಿವಾಳವೇನೂ ಶಾಂತಿಯ ಪಕ್ಕದ ಮನೆಯಲ್ಲಿಲ್ಲ. ನಾವೆಲ್ಲ ಸೇರಿ ಒಪ್ಪಿಕೊಂಡದ್ದರಿಂದ ಅದಕ್ಕೆ ಆ ಅರ್ಥ. ಆರನೆಯದಾದ "ಕೈಕೊಟ್ಟ" ನುಡಿಗಟ್ಟು. ಎಂಟನೆಯದು, "ಮನೆಯಲ್ಲಿ ಐದು ಹೊಟ್ಟೆ ತುಂಬಬೇಕು" ಎನ್ನುವುದು, ಒಂದು ಭಾಗದ ಹೆಸರಿನಿಂದ ಇಡೀ ಮನುಷ್ಯನನ್ನು ಹೇಳುವ ಬಗೆ. ಅದು ಲಕ್ಷಣೆಯ ಮನೆಯೊಳಗಿನದೇ, ಆದರೆ ಅದಕ್ಕೆ ಬೇರೆ ಪ್ಯಾರಾ ಕೊಡಬೇಕು. ಒಂಬತ್ತನೆಯದನ್ನು ತೆಗೆದು ಸಿಲ್ಕ್ ಬೋರ್ಡ್ ಹಾಕೋಣ. "ಸಿಲ್ಕ್ ಬೋರ್ಡಿಂದ ಮದುವೆ ಊಟ ತಪ್ಪಿತು" ಎಂದರೆ ರೇಷ್ಮೆ ಯಾರಿಗೂ ನೆನಪಾಗುವುದಿಲ್ಲ, ಆ ಜಂಕ್ಷನ್ನಿನ ಟ್ರಾಫಿಕ್ಕೇ ಕಣ್ಣಿಗೆ ಬರುತ್ತದೆ.

ಅಪ್ಪ ಚೆನ್ನಾಗಿದ್ದಾರೆ.

ಇತಿ,
ಪಿ. ಶಾಂತಲಾ


ಜಯನಗರ
೬ ಫೆಬ್ರವರಿ ೨೦೨೪

ಪ್ರೀತಿಯ ಶಾಂತಲಾ,

ಹತ್ತಕ್ಕೆ ಒಂಬತ್ತೂವರೆ. ಅರ್ಧ ಅಂಕ ಕಳೆದದ್ದು "ಅಪ್ಪ ಚೆನ್ನಾಗಿದ್ದಾರೆ" ಎಂದು ಎರಡು ಪದದಲ್ಲಿ ನನ್ನ ಬಾಯಿ ಮುಚ್ಚಿಸಿದ್ದಕ್ಕೆ.

ನಿನ್ನ "ಹಾಗೆ" ಸೇರಿಸುವ ಉಪಾಯ ಸೊಗಸಾಗಿದೆ. ಮೂವತ್ತೈದು ವರ್ಷ ಪಾಠ ಮಾಡಿದ ನನಗೆ ಇದು ಹೊಳೆಯಲಿಲ್ಲವಲ್ಲ ಎಂದು ಹೊಟ್ಟೆಕಿಚ್ಚೂ ಆಯಿತು. ಪಾರಿವಾಳವನ್ನು ಹಾರಿಬಿಟ್ಟಿದ್ದೇನೆ. ಸಿಲ್ಕ್ ಬೋರ್ಡ್ ಇರಲಿ, ಆದರೆ ಮಂಡ್ಯದ ಮಗುವಿಗೆ ಅದು ತಿಳಿಯಲಿಕ್ಕಿಲ್ಲ, ಅಡಿಟಿಪ್ಪಣಿ ಹಾಕು.

ಎಲ್ಲದರ ಬಗ್ಗೆಯೂ ಬರೆದಿದ್ದೀಯ, ಏಳನೆಯದನ್ನು ಬಿಟ್ಟಿದ್ದೀಯ. ಮೂರು ಸಲ ಓದಿ ನೋಡಿದೆ, ಆರಾದ ಮೇಲೆ ಎಂಟಕ್ಕೇ ಹೋಗಿದ್ದೀಯ. ಬಿಟ್ಟದ್ದನ್ನು ಒಪ್ಪಿಗೆ ಎಂದೇ ತಿಳಿದಿದ್ದೇನೆ. ಏಕೆಂದರೆ ಇಡೀ ಅಧ್ಯಾಯದಲ್ಲಿ ನನಗೆ ಪ್ರಿಯವಾದದ್ದು ಅದು. "'ಇಸ್ತ್ರಿ ಬಂತು, ಬಟ್ಟೆ ಕೊಡು.' ಇಲ್ಲಿ ಇಸ್ತ್ರಿ ಎಂದರೆ ಇಸ್ತ್ರಿ ಮಾಡುವವನು." ಎಷ್ಟು ಸರಳ, ಎಷ್ಟು ಮನೆಮಾತು. ಮೈಸೂರಿನಿಂದ ಒಬ್ಬ ಮೇಷ್ಟ್ರು ಇದೊಂದನ್ನೇ ಮೆಚ್ಚಿ ಕಾರ್ಡು ಬರೆದಿದ್ದರು. ಈ ಸಲ ಅದನ್ನು ಏಳನೆಯ ಜಾಗದಿಂದ ಎತ್ತಿ ಅಧ್ಯಾಯದ ಬಾಗಿಲಲ್ಲೇ ಇಡೋಣ ಎಂದಿದ್ದೇನೆ. ಹಾಗೆ ನೋಡಿದರೆ ಅದು ನಿಮ್ಮ ಮನೆಯ ಉದಾಹರಣೆಯೇ ಅಲ್ಲವೇ. ನಿನಗೂ ಹೆಮ್ಮೆ ಎನ್ನಿಸಬೇಕು.

ಉಳಿದ ಪುಟಗಳನ್ನು ಬೇಗ ಕಳಿಸು. ಶಶಿಧರ್ ದಿನಕ್ಕೊಮ್ಮೆ ಫೋನ್ ಮಾಡಿ ನನ್ನ ಕಣ್ಣಿನ ಆರೋಗ್ಯ ವಿಚಾರಿಸುತ್ತಾರೆ. ಅವರಿಗೆ ಬೇಕಾಗಿರುವುದು ಕಣ್ಣಲ್ಲ, ಅಧ್ಯಾಯ ಎಂದು ನನಗೆ ಗೊತ್ತಿಲ್ಲವೇ.

ನಿನ್ನ ಮೇಡಂ,
ವಿಮಲಾ


ಬೇಗೂರು
೩ ಮಾರ್ಚ್ ೨೦೨೪

ವಿಮಲಾ ಮೇಡಂ ಅವರಿಗೆ,

ಉತ್ತರ ತಡವಾಯಿತು. ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು, ಓದಿ ನೋಡದೆ ಅಂಚೆ ಡಬ್ಬಕ್ಕೆ ಹಾಕುತ್ತೇನೆ.

ಹೆಮ್ಮೆ ಎನ್ನಿಸಲಿಲ್ಲ, ಮೇಡಂ. ಆವತ್ತೂ ಎನ್ನಿಸಲಿಲ್ಲ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನೀವು ಈ ಉದಾಹರಣೆಯನ್ನು ಮೊದಲ ಸಲ ಹೇಳಿದಿರಿ. "ನಮ್ಮ ಮನೇಲಿ ಬೆಳಿಗ್ಗೆ ಎದ್ರೆ ಏನ್ ಹೇಳ್ತೀವಿ? ಹಾಲು ಬಂತು, ಪೇಪರ್ ಬಂತು, ಇಸ್ತ್ರಿ ಬಂತು" ಎಂದಿರಿ. ಕ್ಲಾಸು ನಕ್ಕಿತು. ನನ್ನ ಮುಂದಿನ ಬೆಂಚಿನಲ್ಲಿದ್ದ ಸಂಹಿತಾ ನಗಲಿಲ್ಲ, ತಿರುಗಿ ನನ್ನನ್ನು ನೋಡಿದಳು. ನಾನು ನೋಟ್ಸ್ ಬರೆದುಕೊಂಡೆ. ಅದು ಬರೀ ಮಾತು, ಗಾಳಿಯಲ್ಲಿ ಹೋಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ಆವತ್ತು ಸಂಜೆಯೂ ನಿಮ್ಮ ವೆರಾಂಡಕ್ಕೆ ಬಂದು ಓದಿದೆ. ನೀವು ಎಂದಿನಂತೆ ಒಂದು ಲೋಟ ಹಾಲು ಕೊಟ್ಟಿರಿ. ನಿಮ್ಮ ಮೇಲೆ ನನಗೆ ಬಹಳ ಪ್ರೀತಿ ಇತ್ತು. ಅದಕ್ಕೇ ಅಷ್ಟು ನೋವಾಯಿತು.

ಹನ್ನೊಂದು ವರ್ಷ ಕಳೆದು ಅದೇ ಸಾಲು ಅಚ್ಚಾಗಿ ನನ್ನ ಕೈಗೆ ಬಂತು. ಮೊದಲ ಪ್ರತಿ, ನಿಮ್ಮ ರುಜು ಸಮೇತ. ಅದು ಗಾಳಿಯಲ್ಲಿ ಹೋಗಿರಲಿಲ್ಲ.

ಆ ಪುಸ್ತಕವೇ ನಮ್ಮ ಕಾಲೇಜಿನಲ್ಲಿ ಪಠ್ಯದ ಜೊತೆ ನಡೆಯುತ್ತದೆ. ಪ್ರತಿ ವರ್ಷ ಆರನೇ ಅಧ್ಯಾಯ ಬಂದಾಗ ಆರು ಓದಿಸಿ ಎಂಟಕ್ಕೆ ಹಾರುತ್ತೇನೆ. ಪ್ರತಿ ವರ್ಷವೂ ಯಾರಾದರೊಬ್ಬಳು "ಮಿಸ್, ಏಳು ಬಿಟ್ರಿ" ಎನ್ನುತ್ತಾಳೆ. "ಅದು ಸುಲಭ, ಮನೇಲಿ ಓದ್ಕೊಳ್ಳಿ" ಎನ್ನುತ್ತೇನೆ. ಹದಿನಾಲ್ಕು ವರ್ಷ ಇದನ್ನೇ ಹೇಳಿದ್ದೇನೆ.

ಪಾಠ ಮಾಡುತ್ತಾ ಮಾಡುತ್ತಾ ನನಗೆ ಒಂದು ವಿಷಯ ತಿಳಿಯಿತು. ಇದನ್ನು ಅಧ್ಯಾಯದಲ್ಲಿ ಬರೆಯುವುದಿಲ್ಲ, ನಿಮಗೆ ಮಾತ್ರ ಹೇಳುತ್ತೇನೆ. ಒಬ್ಬರನ್ನು ಹುಲಿ ಎನ್ನಬೇಕಾದರೆ, ನರಿ ಎಂದೇ ಬೈಯಬೇಕಾದರೂ, ಅವರನ್ನು ಒಮ್ಮೆಯಾದರೂ ಸರಿಯಾಗಿ ನೋಡಿರಬೇಕು. ರೂಪಕಕ್ಕೆ ಅಷ್ಟು ಶ್ರಮ ಬೇಕು. ಲಕ್ಷಣೆಗೆ ಅದೂ ಬೇಡ. ಮನುಷ್ಯನ ಕೈಯಲ್ಲಿ ಏನಿದೆ ಎಂದು ನೋಡಿದರೆ ಸಾಕು, ಮುಖ ನೋಡಬೇಕಾಗಿಲ್ಲ.

ನನ್ನ ಹೆಸರಿನ ಮುಂದೆ ಒಂದು 'ಪಿ' ಇದೆ. ಅದು ಅಪ್ಪನ ಹೆಸರಿನ ಮೊದಲಕ್ಷರ. ಮೂರು ವರ್ಷ ನೀವು ಹಾಜರಿ ಕೂಗುವಾಗ ಅದನ್ನು ಕೂಗಿದ್ದೀರಿ. ಅಪ್ಪ ಇಪ್ಪತ್ತೈದು ವರ್ಷ ನಿಮ್ಮ ಗೇಟಿಗೆ ಬಂದಿದ್ದಾರೆ. ಅವರ ಹೆಸರೇನು ಎಂದು ಬರೆದು ಕಳಿಸಿ, ಯಾರನ್ನೂ ಕೇಳದೆ. ಗೊತ್ತಿದ್ದರೆ ಏಳನೆಯ ಉದಾಹರಣೆ ನೀವು ಹೇಳಿದ ಹಾಗೆ ಬಾಗಿಲಲ್ಲೇ ಇರಲಿ, ಮುಖಪುಟದಲ್ಲಿ ನನ್ನ ಹೆಸರೂ ಇರಲಿ. ಗೊತ್ತಿಲ್ಲದಿದ್ದರೆ ಅಧ್ಯಾಯವನ್ನು ಮುಗಿಸಿ ಕಳಿಸುತ್ತೇನೆ, ಆದರೆ ನನ್ನ ಹೆಸರು ಬೇಡ. ನಮ್ಮ ಕಾಗದಗಳೂ ಅಲ್ಲಿಗೆ ಸಾಕು.

ಇತಿ,
ಪಿ. ಶಾಂತಲಾ


ಜಯನಗರ
೨೦ ಮಾರ್ಚ್ ೨೦೨೪

ಶಾಂತಲಾ,

ಗೊತ್ತಿಲ್ಲ.

ಈ ಒಂದು ಪದ ಬರೆಯಲು ಹತ್ತು ದಿನ ಹಿಡಿಯಿತು. ಈಗ ಉಳಿದದ್ದನ್ನು ಬರೆಯುತ್ತೇನೆ, ಓದಬೇಕೆನ್ನಿಸಿದರೆ ಓದು.

ಮೊದಲ ದಿನ ನನಗೆ ಸಿಟ್ಟೇ ಬಂತು. ಲಕ್ಷಣೆ ತಪ್ಪಾಗಿದ್ದರೆ ಹೇಳು, ಒಂದು ಉದಾಹರಣೆಗೆ ಇಷ್ಟೊಂದು ರಂಪವೇ ಎಂದುಕೊಂಡೆ. ಎರಡನೆಯ ದಿನ, ಅದೇನು ಮಹಾ, ಹೆಸರು ನೆನಪಿಗೆ ಬರುತ್ತದೆ ಎಂದು ಕೂತೆ. ಪುಟ್ಟಸ್ವಾಮಿ, ಪಾಪಣ್ಣ, ಪರಮೇಶಿ, ಪ್ರಭಾಕರ. ಯಾವುದಕ್ಕೂ ಅವರ ಮುಖ ತಿರುಗಿ ನೋಡಲಿಲ್ಲ. ಮೂರನೆಯ ದಿನ ನಿನ್ನ ನಿಯಮ ಮುರಿದೆ. ಎದುರು ಮನೆಯ ಸಂಜೀವಯ್ಯನವರನ್ನು ಕೇಳಿದೆ. "ಯಾರು, ನಮ್ಮ ಇಸ್ತ್ರಿಯವ್ನಾ? ಬಹಳ ಒಳ್ಳೆ ಮನುಷ್ಯ ಕಣ್ರೀ" ಎಂದರು. ಹೆಸರು ಕೇಳಿದ್ದಕ್ಕೆ, "ಅದೇ, ಇಸ್ತ್ರಿಯವ್ನು" ಎಂದರು. ಮತ್ತೆ ನಾಲ್ಕು ದಿನ ಬಿಟ್ಟು, ಶಾಲೆಗೆ ಹೋಗಿ ಹಳೆಯ ರಿಜಿಸ್ಟರ್ ತೆಗೆಸೋಣ ಎಂದು ಆಟೋ ಕರೆಸಿದೆ. ಆಟೋ ಗೇಟಿಗೆ ಬಂದ ಮೇಲೆ, ಇದು ಕಾಪಿ ಹೊಡೆಯುವುದಲ್ಲವೇ, ಜೀವಮಾನವೆಲ್ಲ ಮಕ್ಕಳನ್ನು ಇದಕ್ಕೇ ಬೆಂಚಿನ ಮೇಲೆ ನಿಲ್ಲಿಸಿದೆನಲ್ಲ ಎನ್ನಿಸಿ ವಾಪಸ್ ಕಳಿಸಿದೆ.

ನನಗೆ ಏನೇನು ನೆನಪಿದೆ ಎಂದು ಹೇಳುತ್ತೇನೆ. ಎಡ ಮಣಿಕಟ್ಟಿನ ಮೇಲೆ ಉದ್ದಕ್ಕೆ ಒಂದು ಸುಟ್ಟ ಗೆರೆ. ನೀರು ಚಿಮುಕಿಸಲು ಮುಚ್ಚಳಕ್ಕೆ ತೂತು ಮಾಡಿದ ಡಬ್ಬಿ. ರೇಷ್ಮೆ ಸೀರೆಯ ಮೇಲೆ ಹಳೇ ಪಂಚೆ ಹಾಸಿ ತೇಯುತ್ತಿದ್ದ ಎಚ್ಚರ. ನಮ್ಮವರು ಬದರಿನಾಥ ತೀರಿಕೊಂಡ ಬೆಳಿಗ್ಗೆಯದೂ ನೆನಪಿದೆ. ಅವರಿಗೆ ಇಷ್ಟವಾದ ಹಸಿರಂಚಿನ ಪಂಚೆಯನ್ನೇ ಹೊದಿಸಬೇಕೆಂದು ನಾನು ಹಟ ಹಿಡಿದಿದ್ದೆ. ಅದು ಒಗೆದು ಮುದುಡಿಕೊಂಡು ತಂತಿಯ ಮೇಲಿತ್ತು. ಮನೆ ತುಂಬ ಜನ, ಯಾರೂ ನನ್ನ ಮಾತು ಕೇಳುತ್ತಿರಲಿಲ್ಲ. ನಿನ್ನ ತಂದೆ ಗೇಟಿನ ಹತ್ತಿರ ನಿಂತಿದ್ದರು, ಕೇಳಿಸಿಕೊಂಡಿರಬೇಕು. ತಂತಿಯಿಂದ ಪಂಚೆ ತೆಗೆದುಕೊಂಡು ಹೋದರು. ಇಸ್ತ್ರಿ ಮಾಡಿ, ಮಡಿಸಿದರೆ ಗೆರೆ ಬಿದ್ದೀತೆಂದು ಎರಡೂ ಕೈ ಚಾಚಿ ಅದರ ಮೇಲೆ ಹರಡಿಕೊಂಡು, ಬೀದಿಯುದ್ದಕ್ಕೂ ಹಾಗೇ ನಡೆದು ತಂದರು.

ಅವರನ್ನು ನೋಡಿ ನಾನು ಒಳಗೆ ಕೂಗಿ ಹೇಳಿದ್ದೇನು ಗೊತ್ತೇ? "ಇಸ್ತ್ರಿ ಬಂತು."

ನನಗೆ ನಾಚಿಕೆಯಾಗಿದೆ, ಶಾಂತಲಾ. ಅದನ್ನು ಇನ್ನು ಯಾವ ಅಲಂಕಾರದಲ್ಲೂ ಹೇಳಲಾರೆ. ಅವರ ಸುತ್ತಲಿನದೆಲ್ಲ ನೆನಪಿದೆ, ಅವರ ಹೆಸರು ಗೊತ್ತಿಲ್ಲ. ನೀನು ಹೇಳಿದ್ದು ಸರಿ.

ಏಳನೆಯದನ್ನು ತೆಗೆಯಲು ಶಶಿಧರ್‌ಗೆ ಹೇಳಿಯಾಯಿತು. ನಿನ್ನ ಹೆಸರು ಹಾಕಬೇಡ ಎಂದರೆ ಹಾಕುವುದಿಲ್ಲ. ಕಾಗದ ಸಾಕು ಎಂದರೆ ಅದಕ್ಕೂ ಒಪ್ಪಬೇಕಾದವಳೇ. ಒಪ್ಪಿದ್ದೇನೆ ಎಂದು ಮಾತ್ರ ಬರೆಯಲಾರೆ.

ವಿಮಲಾ


ಬೇಗೂರು
೫ ಏಪ್ರಿಲ್ ೨೦೨೪

ವಿಮಲಾ ಮೇಡಂ ಅವರಿಗೆ ನಮಸ್ಕಾರಗಳು.

ಸಾಕು ಎಂದಿದ್ದೆ, ಆದರೂ ಬರೆಯುತ್ತಿದ್ದೇನೆ. ಅದಕ್ಕೆ ಅಪ್ಪ ಕಾರಣ.

ನಿಮ್ಮ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. ಅವರಿಗೆ ಎಪ್ಪತ್ತನಾಲ್ಕು ಈಗ. ಬಲಗೈ ನಡುಗುತ್ತದೆ, ಲೋಟ ಹಿಡಿಯಲು ಎರಡೂ ಕೈ ಬೇಕು. 'ಚೆನ್ನಾಗಿದ್ದಾರೆ' ಎಂದು ನಾನು ಬರೆದದ್ದು ಪೂರ್ತಿ ನಿಜವಲ್ಲ. ಬೆಳಿಗ್ಗೆ ಮನೆಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. "ವಿಮಲಾ ಮೇಡಂ ಕಾಗದ ಬರೆದಿದ್ದಾರೆ, ನಿನ್ನ ವಿಷಯ" ಎಂದೆ.

"ಯಾರಮ್ಮಾ ಅದು ವಿಮಲಾ?" ಎಂದರು.

ಮರೆವು ಶುರುವಾಯಿತೇನೋ ಎಂದುಕೊಂಡೆ. ನಮ್ಮ ಮಿಸ್ಸು, ಫೋರ್ತ್ ಟಿ ಬ್ಲಾಕು, ಸಂಪಿಗೆ ಮರದಿಂದ ಆರನೇ ಮನೆ ಎಂದೆಲ್ಲ ಹೇಳಿದೆ. ಕೊನೆಗೆ ಗೇಟಿನ ಪಕ್ಕ ಮರ ಇತ್ತಲ್ಲ ಎಂದ ಮೇಲೆ ಮುಖ ಅರಳಿತು. "ಓ, ನುಗ್ಗೇಮರ. ಹಂಗಂತ ಮೊದ್ಲೇ ಹೇಳ್ಬಾರ್ದಾ?"

ಮೇಡಂ, ನಿಮ್ಮ ಹೆಸರು ಅಪ್ಪನಿಗೂ ಗೊತ್ತಿಲ್ಲ. ಇಡೀ ಬೀದಿಯನ್ನು ಅವರು ಹಾಗೇ ನೆನಪಿಟ್ಟುಕೊಂಡಿದ್ದಾರೆ. ನೀಲಿಗೇಟು, ವೀಣೆ, ಕಚ್ಚೋನಾಯಿ, ನುಗ್ಗೇಮರ. ಬಟ್ಟೆ ಗಂಟು ಕಟ್ಟಿಟ್ಟು "ಇದು ವೀಣೆಗೆ, ಇದು ನುಗ್ಗೇಮರಕ್ಕೆ" ಎಂದು ನನ್ನ ಕೈಗೆ ಕೊಡುತ್ತಿದ್ದದ್ದು ನನಗೂ ಈಗ ನೆನಪಾಯಿತು. ಸಂಜೀವಯ್ಯನವರೇ ಕಚ್ಚೋನಾಯಿ. ಪಾಪ, ಅವರಿಗೆ ಹೇಳಬೇಡಿ.

ಕಾಗದ ಕೇಳಿ ಅಪ್ಪ ನಕ್ಕರು. "ಅವ್ರು ನಮ್ಮನ್ನ ಇಸ್ತ್ರಿ ಅಂದ್ರು, ನಾವ್ ಅವ್ರನ್ನ ಮರ ಅಂದ್ವಿ. ಸಮ ಆಯ್ತು, ಬಿಡು" ಎಂದರು. ನನಗೆ ಸಿಟ್ಟು ಬಂತು. "ಸಮ ಆಗ್ಲಿಲ್ಲ ಅಪ್ಪಾ, ನುಗ್ಗೇಮರ ಯಾವ ಪುಸ್ತಕದಲ್ಲೂ ಅಚ್ಚಾಗ್ಲಿಲ್ಲ, ಅದನ್ನ ಯಾವ ಮಗಳೂ ಕ್ಲಾಸಲ್ಲಿ ಓದಿಸ್ಬೇಕಾಗಿರ್ಲಿಲ್ಲ" ಎಂದೆ. ಹದಿನಾಲ್ಕು ವರ್ಷ ಅದೊಂದು ಸಾಲು ಬಿಟ್ಟು ಪಾಠ ಮಾಡಿದ್ದನ್ನು ನಾನು ಅವರಿಗೆ ಎಂದೂ ಹೇಳಿರಲಿಲ್ಲ.

ಆಮೇಲೆ ಪಂಚೆಯ ಭಾಗವನ್ನು ಇನ್ನೊಮ್ಮೆ ಓದಿಸಿದರು. "ಹಸಿರಂಚೇ. ಸರಿಯಾಗಿ ಮಡಗ್ಕೊಂಡವ್ರೆ ನೆನಪ್ನ" ಎಂದರು. ನಿಮ್ಮ ಯಜಮಾನರು ದಿನಾ ಗಾಡಿಯ ಹತ್ತಿರ ನಿಂತು ಎರಡು ಮಾತಾಡಿ ಹೋಗುತ್ತಿದ್ದರಂತೆ. ಅದು ನನಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತೇ?

ನಿಮಗೆ ಹೆಸರು ಬರೆದು ಕಳಿಸುತ್ತೇನೆ ಎಂದು ಪೆನ್ನು ತೆಗೆದೆ. ಅಪ್ಪ ಬೇಡ ಎಂದರು. "ಕಾಗ್ದದಲ್ಲಿ ಬರೀಬೇಡ. ಬೇಕಿದ್ರೆ ಬಂದು ಕೇಳ್ಲಿ. ನಾನೇ ಹೇಳ್ತೀನಿ."

ಅಧ್ಯಾಯದ ಪುಟಗಳು ಇದರ ಜೊತೆಗಿವೆ. ಏಳನೆಯ ಜಾಗ ಖಾಲಿ ಬಿಟ್ಟಿದ್ದೇನೆ.

ಇತಿ,
ಪಿ. ಶಾಂತಲಾ


ಜಯನಗರ
೧೬ ಏಪ್ರಿಲ್ ೨೦೨೪

ಪ್ರೀತಿಯ ಶಾಂತಲಾ,

ನಮ್ಮವರು ಪೇಪರ್ ತರುತ್ತೇನೆಂದು ಹೋಗಿ ಮುಕ್ಕಾಲು ಗಂಟೆ ಬರುತ್ತಿರಲಿಲ್ಲ. ಎಲ್ಲಿ ನಿಲ್ಲುತ್ತಿದ್ದರು ಎಂದು ಅವರು ತೀರಿಕೊಂಡ ಹದಿನೆಂಟು ವರ್ಷಕ್ಕೆ ಈಗ ತಿಳಿಯಿತು.

ಇಪ್ಪತ್ತೆಂಟನೇ ತಾರೀಕು ಭಾನುವಾರ ಬೆಳಿಗ್ಗೆ ಬರುತ್ತೇನೆ. ಬಲಗಣ್ಣಿನ ಆಪರೇಷನ್ನು ಮುಂದಕ್ಕೆ ಹಾಕಿಸಿದ್ದೇನೆ. ಅದಾದರೆ ಮನೆಯವರು ಒಂದು ತಿಂಗಳು ಹೊಸ್ತಿಲು ದಾಟಲು ಬಿಡುವುದಿಲ್ಲ. ಅಳಿಯ ಶ್ರೀಕರ್ ಕಾರಿನಲ್ಲಿ ಬಿಡುತ್ತೇನೆಂದ, ಬೇಡ ಎಂದೆ. ಪರೀಕ್ಷೆಗೆ ಒಬ್ಬಳೇ ಹೋಗಬೇಕು.

ಮನೆಗೆ ಏನು ಗುರುತು?

ನಿನ್ನ ಮೇಡಂ,
ವಿಮಲಾ


ಬೇಗೂರು
೨೨ ಏಪ್ರಿಲ್ ೨೦೨೪

ಮೇಡಂ,

ಬನ್ನಿ. ನಾಗೇಶ್ವರ ದೇವಸ್ಥಾನ ದಾಟಿದ ಮೇಲೆ ಬಲಕ್ಕೆ ಕೆರೆಯ ಕಡೆ ತಿರುಗಬೇಕು. ಎರಡನೇ ಕ್ರಾಸಿನಲ್ಲಿ ಎಡಗಡೆ ಹಂಚಿನ ಮನೆ. ಗುರುತು ನಾನು ಹೇಳುವುದಿಲ್ಲ. ಕಂಡ ಕೂಡಲೇ ನಿಮಗೇ ತಿಳಿಯುತ್ತದೆ.

ಇಲ್ಲಿ ಯಾರನ್ನಾದರೂ ಕೇಳುವುದಾದರೆ ಇಸ್ತ್ರಿ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ. ಈ ಊರಲ್ಲಿ ಅಪ್ಪನನ್ನು ಹೆಸರು ಹಿಡಿದೇ ಕರೆಯುತ್ತಾರೆ. ಅದು ನಿಮಗೆ ಗೊತ್ತಿಲ್ಲದ್ದರಿಂದ 'ಕನ್ನಡ ಲೆಕ್ಚರರ್ ಮನೆ' ಎನ್ನಿ.

ತಿಂಡಿ ಇಲ್ಲೇ.

ಶಾಂತಲಾ


ಜಯನಗರ
೧೧ ಮೇ ೨೦೨೪

ಶ್ರೀ ಪಿಳ್ಳಣ್ಣ ಅವರಿಗೆ ವಿಮಲಾ ಮಾಡುವ ನಮಸ್ಕಾರಗಳು.

ನಿಮ್ಮ ಹೆಸರು ಹಾಕಿ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಮೇಲಿನ ಸಾಲನ್ನು ಬರೆದು ಒಂದು ಸಲ ಗಟ್ಟಿಯಾಗಿ ಓದಿದೆ. ಶಾಂತಲಾ ಕೈಲಿ ಓದಿಸಬೇಡಿ, ನಿಧಾನವಾಗಿ ನೀವೇ ಓದಿ. ಅಕ್ಷರ ದೊಡ್ಡದಾಗಿಯೇ ಬರೆದಿದ್ದೇನೆ, ನನ್ನ ಕಣ್ಣಿಗೂ ಅದೇ ಅನುಕೂಲ.

ಆವತ್ತು ನಿಮ್ಮ ಮುಂದೆ ಹೇಳಲಾಗದೆ ಹೋದದ್ದನ್ನು ಹೇಳಿಬಿಡುತ್ತೇನೆ. ಆಟೋ ಸಿಲ್ಕ್ ಬೋರ್ಡಿನಲ್ಲಿ ನಲವತ್ತು ನಿಮಿಷ ನಿಂತಿತ್ತು. ಅಷ್ಟೂ ಹೊತ್ತು, ಹೋಗಿ ಏನೆಂದು ಕೇಳಲಿ, ವಾಪಸ್ ಹೋಗಿಬಿಡಲೇ ಎಂದು ಯೋಚಿಸುತ್ತಿದ್ದೆ. ದೇವಸ್ಥಾನ ದಾಟಿ ತಿರುಗಿದ ಮೇಲೆ ಡ್ರೈವರು "ಯಾವ ಮನೆ ಅಮ್ಮಾ?" ಎಂದ. ನಾನು ಕೈ ಮಾಡಿ ತೋರಿಸಿದೆ. ನಿಮ್ಮ ಕಾಂಪೌಂಡಿನ ಮೇಲಿಂದ ನಮ್ಮ ಮರ ಕಾಣುತ್ತಿತ್ತು.

ಅದು ನಮ್ಮದೇ ಎಂದು ನನಗೆ ಹೇಗೆ ಗೊತ್ತಾಯಿತು ಎಂದು ನೀವು ಕೇಳಿದಿರಿ. ಗೊತ್ತಾಗದೆ ಏನು. ಅಷ್ಟು ಉದ್ದದ ಕಾಯಿ ಬೇರೆ ಯಾವ ನುಗ್ಗೆಯಲ್ಲೂ ನಾನು ಕಂಡಿಲ್ಲ. ನಮ್ಮ ಮರ ಬಿದ್ದ ದಿನ ಕಾರ್ಪೊರೇಷನ್ನಿನವರು ತುಂಡು ಮಾಡಿ ಲಾರಿಗೆ ತುಂಬುವಾಗ ನಾನು ಒಳಗೆ ಕೂತು ಅತ್ತಿದ್ದೆ. ಅದೇ ಹೊತ್ತಿಗೆ ಹೊರಗೆ ನೀವು ಒಂದು ಕೊಂಬೆ ಕೇಳಿ ತೆಗೆದುಕೊಂಡು, ಬಸ್ಸಿನಲ್ಲಿ ಕಂಡಕ್ಟರ್ ಕೈಲಿ ಬೈಸಿಕೊಂಡು, ಬೇಗೂರಿಗೆ ಒಯ್ದು ನೆಟ್ಟಿದ್ದಿರಿ. ಹನ್ನೆರಡು ವರ್ಷದಿಂದ ನಿಮ್ಮ ಮನೆಯ ಹುಳಿಗೆ ನಮ್ಮ ಮರದ ಕಾಯಿ. ಶಾಂತಲಾಳಿಗೂ ಅದು ಎಲ್ಲಿಯದು ಎಂದು ಹೋದ ತಿಂಗಳವರೆಗೆ ಗೊತ್ತಿರಲಿಲ್ಲವಂತೆ. "ಬರೀ ಹೆಸ್ರು ಉಳ್ಕೊಂಡು ಮರ ಹೋಗ್ಬಾರ್ದು ಅಂತ ತಂದೆ" ಎಂದಿರಿ ನೀವು.

ಎಪ್ಪತ್ತಮೂರರ ನಾನು ನಿಮ್ಮ ಹೆಸರೇನು ಎಂದೆ, ಎಪ್ಪತ್ತನಾಲ್ಕರ ನೀವು ಹೇಳಿ "ನಿಮ್ದೇನಮ್ಮಾ?" ಎಂದಿರಿ. ಶಾಲೆಗೆ ಸೇರಿದ ಮೊದಲ ದಿನದ ಮಕ್ಕಳ ಹಾಗೆ ಇದ್ದೆವು. ನಿಮ್ಮ ಮಗಳು ಅಡುಗೆಮನೆಗೆ ಹೋಗಿಬಿಟ್ಟಳು. ಉಪ್ಪಿಟ್ಟು ಸೀದದ್ದು ಅದಕ್ಕೇ.

ಪುಸ್ತಕ ಅಚ್ಚಿಗೆ ಹೋಯಿತು. ಮುಖಪುಟದಲ್ಲಿ ವಿಮಲಾ, ಪಿಳ್ಳಣ್ಣ ಶಾಂತಲಾ ಎಂದು ಎರಡು ಹೆಸರು ಅಕ್ಕಪಕ್ಕ ಇವೆ. ಇನಿಷಿಯಲ್ ಬೇಡ, ಪೂರ್ತಿ ಹಾಕಿ ಎಂದು ಅವಳೇ ಶಶಿಧರ್‌ಗೆ ಹೇಳಿದಳಂತೆ. ಏಳನೆಯ ಜಾಗ ಖಾಲಿ ಇತ್ತಲ್ಲ, ಅದನ್ನು ನಾನು ತುಂಬಿದ್ದೇನೆ. ನೀವು ಬೇಡ ಎಂದರೆ ಇನ್ನೂ ತೆಗೆಸಬಹುದು, ಇಪ್ಪತ್ತನೇ ತಾರೀಕಿನವರೆಗೆ ಸಮಯವಿದೆ. ಅದು ಹೀಗಿದೆ:

"'ಈ ಗಂಟು ನುಗ್ಗೇಮರಕ್ಕೆ ಕೊಟ್ಟು ಬಾ' ಎಂದರು ಪಿಳ್ಳಣ್ಣ. ಇಲ್ಲಿ ನುಗ್ಗೇಮರ ಎಂದರೆ ಆ ಮರವಿದ್ದ ಮನೆಯ ವಿಮಲಾ."

ಈ ವರ್ಷ ಶಾಂತಲಾ ಆರಾದ ಮೇಲೆ ಏಳನ್ನೂ ಓದಿಸುತ್ತಾಳಂತೆ.

ನೀವು ಕೊಟ್ಟ ಕೊಂಬೆಯನ್ನು ಗೇಟಿನ ಪಕ್ಕ ಹಳೆಯ ಜಾಗದಲ್ಲೇ ನೆಟ್ಟಿದ್ದೇನೆ. ಈ ಬಿಸಿಲಿಗೆ, ಟ್ಯಾಂಕರ್ ನೀರಿಗೆ ಏನಾಗುತ್ತದೋ ಎಂದು ಹೆದರಿದ್ದೆ. ಇವತ್ತು ಬೆಳಿಗ್ಗೆ ಭೂತಗನ್ನಡಿ ಹಿಡಿದು ನೋಡಿದೆ. ತುದಿಯಲ್ಲಿ ಎರಡು ಕಡೆ ಹಸಿರು ಕಂಡಿದೆ. ಚಿಗುರು ಬಲಿತ ಮೇಲೆ ಒಂದು ಸಲ ಬಂದು ನೋಡಿಹೋಗಿ. ಗುರುತು ಕೇಳಬೇಕಾಗಿಲ್ಲ ನೀವು.

ನಿಮ್ಮ,
ನುಗ್ಗೇಮರ